ಇಪ್ಪತ್ತಮೂರು ಮಕ್ಕಳ ಕೆಮ್ಮು

ನಮ್ಮ ಊರಿನ ಚರ್ಚಿಗೆ ಹೊಸದಾಗಿ ಬಂದವರು ಮೊದಲು ಕೇಳುವ ಪ್ರಶ್ನೆ, ಇಲ್ಲಿ ಎಲ್ಲರಿಗೂ ಯಾಕೆ ಇಷ್ಟು ಕೆಮ್ಮು ಎಂದು. ನಾವು ಧೂಳಿನ ಮೇಲೆ ಹಾಕಿ ಸುಮ್ಮನಾಗುತ್ತೇವೆ. ನಿಜ ಸಂಗತಿ ಏನೆಂದರೆ, ನಮ್ಮ ಊರಿನಲ್ಲಿ ಹಾಗೇ ಆಗಲಿ ಎಂದು ಆಮೆನ್ ಹೇಳಿದ ಮಾತು ನಡೆದೇ ತೀರುತ್ತದೆ. ಹೇಳಿದವರು ಆಮೇಲೆ ಬೇಡವೆಂದರೂ ಅವರ ಕೈಕಾಲು ಕೇಳುವುದಿಲ್ಲ. ನಾನು ಚಿಕ್ಕವನಿದ್ದಾಗ ಬಡಗಿ ಇನ್ನಾಸಪ್ಪ ಒಂದು ಭಾನುವಾರ, ಎಲ್ಲವನ್ನೂ ಬಿಟ್ಟು ದೇವರ ಹಿಂದೆ ಹೋಗುವ ಅರ್ಥದ ಯಾವುದೋ ಹಾಡಿನ ಕೊನೆಗೆ, ರಾಗ ಚೆನ್ನಾಗಿತ್ತೆಂದು ಬಾಯಿ ತುಂಬ ಆಮೆನ್ ಅಂದುಬಿಟ್ಟ. ಮಾರನೆಯ ದಿನ ಅರ್ಧ ಕೆತ್ತಿದ ಬಾಗಿಲನ್ನು ಹಾಗೇ ಬಿಟ್ಟು ಅಂಗಡಿಯಿಂದ ನಡೆದುಹೋದ. ವರ್ಷಕ್ಕೊಮ್ಮೆ ಹೆಂಡತಿಗೆ ಕಾಗದ ಬರುತ್ತಿತ್ತು, ಪ್ರತಿ ಸಲವೂ ಬೇರೆ ಬೇರೆ ಊರಿನ ಮುದ್ರೆ. ಅಂದಿನಿಂದ ಪ್ರಾರ್ಥನೆಯ ಕೊನೆ ಹತ್ತಿರ ಬರುತ್ತಿದ್ದಂತೆ ತಿಳಿದವರು ಬಾಯಿಗೆ ಸೆರಗೋ ಕರವಸ್ತ್ರವೋ ಹಿಡಿದು, ಆಮೆನ್ ಅನ್ನುವ ಬದಲು ಕೆಮ್ಮುತ್ತಾರೆ. ಪರಲೋಕ ಜಪದಲ್ಲಂತೂ, ತಪ್ಪು ಮಾಡಿದವರನ್ನು ಕ್ಷಮಿಸುವ ಮಾತೊಂದು ಬರುವುದರಿಂದ, ಇಡೀ ಚರ್ಚು ಕ್ಷಯದ ಆಸ್ಪತ್ರೆಯ ವರಾಂಡದಂತೆ ಕೆಮ್ಮುತ್ತದೆ. ಮುಂದಿನ ಬೆಂಚಿನ ಜ್ಞಾನಮ್ಮ ತನ್ನ ನಾದಿನಿಯ ಮೇಲಿನ ಸಿಟ್ಟನ್ನು ಹೀಗೆ ಕೆಮ್ಮಿ ಕೆಮ್ಮಿಯೇ ನಲವತ್ತು ವರ್ಷ ಕಾಪಾಡಿಕೊಂಡು ಬಂದಿದ್ದಾಳೆ.

ಕೆಮ್ಮದೆ ಆಮೆನ್ ಹೇಳುವುದು ಮದುವೆಯಲ್ಲಿ ಮಾತ್ರ. ಅದಕ್ಕೂ ಹಿರಿಯರು ದಾರಿ ಮಾಡಿದ್ದಾರೆ. ಹಿಂದೆ ಮದುವೆಯ ಪ್ರತಿಜ್ಞೆಯಲ್ಲಿ ಸದಾ ಜೊತೆಗಿರುತ್ತೇನೆ ಎಂದಿತ್ತಂತೆ. ಅದನ್ನು ಹೇಳಿದ ಗಂಡನೊಬ್ಬ ಹೆಂಡತಿ ತವರಿಗೆ ಹೋದರೆ ತವರಿಗೆ, ಬಟ್ಟೆ ಒಗೆಯಲು ಹೋದರೆ ಹೊಳೆಗೆ, ಕೊನೆಗೆ ಹೆರಿಗೆಯ ಕೋಣೆಗೂ ಕಾಲೆಳೆದುಕೊಂಡು ಹೋಗಬೇಕಾಗಿ ಬಂದು, ಇಬ್ಬರೂ ಹುಚ್ಚರಾಗುವ ಹಂತಕ್ಕೆ ಬಂದರು. ಆಮೇಲೆ ಆ ಮಾತನ್ನು ತೆಗೆದು, ಕೈಬಿಡುವುದಿಲ್ಲ ಎಂದು ಹಾಕಿದರು. ಅದರಲ್ಲಿ ಓಡಾಡಲು ಸಾಕಷ್ಟು ಜಾಗವಿದೆ. ನಾನೂ ನನ್ನ ಹೆಂಡತಿ ರೆಜಿನಾಳೂ ಹೇಳಿದ್ದು ಅದನ್ನೇ. ಅವಳು ಆರು ವರ್ಷದಿಂದ ಕುವೈತಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಮೊದಲು ನನ್ನ ತಾಯಿಯ ಚಿಕಿತ್ಸೆಗೆಂದು ಹೋದಳು, ಆಮೇಲೆ ಮನೆಯ ತಾರಸಿಗೆಂದು ಉಳಿದಳು, ಈಗ ಯಾತಕ್ಕೆ ಎಂದು ಯಾರೂ ಕೇಳುವುದಿಲ್ಲ.

ನಾನು ಚೌರಪ್ಪ, ಚರ್ಚಿನ ಉಪದೇಶಿ. ಮಕ್ಕಳಿಗೆ ಜಪ ಕಲಿಸುವುದು, ಫಾದರ್ ಊರಲ್ಲಿಲ್ಲದ ದಿನ ಪ್ರಾರ್ಥನೆ ನಡೆಸುವುದು, ಸತ್ತವರ ಮನೆಗೆ ಎಲ್ಲರಿಗಿಂತ ಮೊದಲು ಹೋಗುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷ ಬೇರೆಯವರ ಬಾಯಲ್ಲಿ ಆಮೆನ್ ಹೇಳಿಸುತ್ತಾ ನಾನು ಮಾತ್ರ ಹುಷಾರಾಗಿ ಕೆಮ್ಮಿಕೊಂಡು ಬಂದವನು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಹಾಗೆಂದು ನಾಚಿಕೆಯೂ ಅಷ್ಟಾಗಿ ಇಲ್ಲ.

ಫಾದರ್ ಕ್ಲೆಮೆಂಟ್ ನಮ್ಮ ಊರಿಗೆ ವರ್ಗವಾಗಿ ಬಂದಾಗ ಅವರಿಗೆ ಮೂವತ್ತನಾಲ್ಕು ವರ್ಷ, ಉತ್ಸಾಹ ಮಾತ್ರ ಹದಿನೆಂಟರದ್ದು. ಮೊದಲ ಶನಿವಾರ ಯುವಕೂಟದ ಕೋಣೆಯ ಬಾಗಿಲಲ್ಲಿ ನಿಂತು ನೋಡಿದರು. ಇಪ್ಪತ್ತಮೂರು ಮಕ್ಕಳು, ಹದಿಮೂರರಿಂದ ಹದಿನೆಂಟರವರೆಗಿನವರು, ತಲೆ ಬಗ್ಗಿಸಿ ಸದ್ದಿಲ್ಲದೆ ಕುಳಿತಿದ್ದರು. ಎಂಥ ಭಕ್ತಿ ಎಂದು ಫಾದರ್ ಕಣ್ಣೊರೆಸಿಕೊಂಡರು. ಹತ್ತಿರ ಹೋಗಿ ನೋಡಿದರೆ ಪ್ರತಿಯೊಂದು ತೊಡೆಯ ಮೇಲೂ ಒಂದೊಂದು ಫೋನ್. ಅವರು ಬಂದದ್ದು ಒಬ್ಬರಿಗೂ ತಿಳಿದಿರಲಿಲ್ಲ. ಬೇಕರಿಯವರ ಮಗ ಡೊಮಿನಿಕ್ ಎಂಬ ಹುಡುಗ ಮಾತ್ರ, ಬೆಳಕಿಗೆ ಅಡ್ಡ ಬಂದದ್ದಕ್ಕೆ, "ಸ್ವಲ್ಪ ಆ ಕಡೆ ಹೋಗಿ ಅಂಕಲ್" ಅಂದ.

ಆ ಸಂಜೆ ಫಾದರ್ ನನ್ನನ್ನು ಕರೆಸಿದರು. "ಬೈದು, ಕಿತ್ತುಕೊಂಡು ಇದು ಹೋಗುವಂಥದ್ದಲ್ಲ ಉಪದೇಶಿಗಳೇ. ವಿಶ್ವಾಸದಿಂದಲೇ ಬಿಡಿಸಬೇಕು," ಅಂದರು. ಆಮೆನ್ನಿನ ಸಂಗತಿಯನ್ನು ನಾನು ಅಳುಕುತ್ತಲೇ ಹೇಳಿದೆ. ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಬೇರೆ ಊರಿನ ಗುರುಗಳು ಇಂಥದ್ದೊಂದು ವರಕ್ಕಾಗಿ ಮೊಣಕಾಲು ಸವೆಸಿಕೊಳ್ಳುತ್ತಾರೆ. ನೀವು ಇದನ್ನಿಟ್ಟುಕೊಂಡು ಕೆಮ್ಮುತ್ತಾ ಕೂತಿದ್ದೀರಲ್ಲ!" ಪಾಸ್ಕ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಹತ್ತಿರದಲ್ಲೇ ಇತ್ತು. ಅದರ ಮೊದಲ ದಿನ, ವಿಭೂತಿ ಬುಧವಾರದ ಪೂಜೆಯಲ್ಲಿ ಮಕ್ಕಳಿಂದ ಪ್ರತಿಜ್ಞೆ ಮಾಡಿಸುವುದು, ಪಾಸ್ಕ ಹಬ್ಬದವರೆಗೆ ಫೋನ್ ಮುಟ್ಟುವಂತಿಲ್ಲ, ಆಮೆನ್. ಪ್ರತಿಜ್ಞೆಯನ್ನು ಬರೆಯುವ ಕೆಲಸ ನನಗೆ ಬಂತು.

ನಾನು ಅದನ್ನು ಮನಸ್ಸಿಟ್ಟು ಬರೆದೆ, ಯಾಕೆಂದರೆ ಆ ಇಪ್ಪತ್ತಮೂರರಲ್ಲಿ ಒಬ್ಬಳು ನನ್ನ ಮಗಳು ಬೆನಿಟಾ. ಹದಿನಾರು ವರ್ಷ. ಹಿಂದೆ ನಾನು ಶವಸಂಸ್ಕಾರ ಮುಗಿಸಿ ಬಂದರೆ ಯಾರು ಎಷ್ಟು ಅತ್ತರು ಎಂದು ಕೂತು ಕೇಳುತ್ತಿದ್ದವಳು, ಈಗ ನನ್ನೊಡನೆ ಎರಡು ಪದಕ್ಕಿಂತ ಹೆಚ್ಚು ಆಡುತ್ತಿರಲಿಲ್ಲ. ಹ್ಞೂಂ ಒಂದು, ಆಮೇಲೆ ಎನ್ನುವುದು ಇನ್ನೊಂದು. ಪ್ರತಿ ಸಂಜೆ ಫೋನ್ ಹಿಡಿದು ಹಿತ್ತಿಲಿಗೆ ಹೋದರೆ ಗಂಟೆಗಟ್ಟಲೆ ಬರುತ್ತಿರಲಿಲ್ಲ. ಮಗಳು ಕಣ್ಣೆದುರೇ ಇದ್ದು ಕೈತಪ್ಪಿ ಹೋಗುತ್ತಿದ್ದಾಳೆ ಎಂದು ನನಗೆ ನಿಜಕ್ಕೂ ಭಯವಾಗಿತ್ತು. ಹೆಂಡತಿ ಹೇಗೂ ದೂರ, ಇವಳೂ ಹೋದರೆ ಮನೆಯಲ್ಲಿ ನಾನು ಮತ್ತು ಶಿಲುಬೆ ಇಬ್ಬರೇ. ಹಾಗಾಗಿ ಅವಳನ್ನೇ ಕಣ್ಣಮುಂದೆ ಇಟ್ಟುಕೊಂಡು ಒಂದೊಂದು ಸಂದಿಯನ್ನೂ ಮುಚ್ಚುತ್ತಾ ಬರೆದೆ. ನನ್ನ ಫೋನನ್ನಾಗಲಿ ಇನ್ನೊಬ್ಬರ ಫೋನನ್ನಾಗಲಿ, ಅಗತ್ಯಕ್ಕಾಗಲಿ ಆಟಕ್ಕಾಗಲಿ, ಪಾಸ್ಕದ ಗಂಟೆ ಬಾರಿಸುವವರೆಗೆ ನನ್ನ ಕೈ ಮುಟ್ಟದಿರಲಿ. ಹೀಗೆ. ಬರೆಯುವಾಗ ಒಳ್ಳೆಯ ಪದಗಳಿಗಾಗಿ, ಮತ್ತು ಪದಗಳ ಮಧ್ಯೆ ಬೇಸರ ಕಳೆಯಲು, ನಾನು ನನ್ನ ಫೋನನ್ನು ಸುಮಾರು ಹದಿನೇಳು ಸಲ ನೋಡಿದೆ.

ವಿಭೂತಿ ಬುಧವಾರ ಚರ್ಚು ತುಂಬಿತ್ತು. ಹಣೆಗೆ ಬೂದಿ ಹಚ್ಚಿಸಿಕೊಂಡ ಮಕ್ಕಳು ಪೀಠದ ಮುಂದೆ ಸಾಲಾಗಿ ನಿಂತಿದ್ದರು. ಹಿಂದೆ ತಂದೆತಾಯಂದಿರು, ಮಕ್ಕಳು ಕೊನೆಗೂ ಸಿಕ್ಕಿಬಿದ್ದರೆಂಬ ಸಂತೋಷ ಮುಖದಲ್ಲಿ ಮುಚ್ಚಿಡಲಾರದೆ ಕೂತಿದ್ದರು. ಫಾದರ್ ಪ್ರತಿಜ್ಞೆಯನ್ನು ಗಂಭೀರವಾಗಿ ಓದಿ ಮುಗಿಸಿ ಕೈ ಎತ್ತಿದರು. ಆಗ ಇಪ್ಪತ್ತಮೂರು ಮಕ್ಕಳು ಒಟ್ಟಿಗೆ, ಒಂದೇ ಶ್ರುತಿಯಲ್ಲಿ, ಕೆಮ್ಮಿದರು. ಅಭ್ಯಾಸ ಮಾಡಿಕೊಂಡೇ ಬಂದಿದ್ದರು ಅನ್ನುವುದರಲ್ಲಿ ಅನುಮಾನವಿಲ್ಲ, ಅಷ್ಟು ಒಳ್ಳೆಯ ಮೇಳ ನಮ್ಮ ಗಾಯನ ತಂಡದಿಂದ ನಾನು ಯಾವತ್ತೂ ಕೇಳಿಲ್ಲ. ಆದರೆ ಅದಕ್ಕೆ ಕಿವಿಗೊಡುವ ವ್ಯವಧಾನ ಆಗ ಯಾರಿಗೂ ಇರಲಿಲ್ಲ. ಮಕ್ಕಳಿಗೆ ಬೆಂಬಲ ಕೊಡುವ ಆವೇಶದಲ್ಲಿ ಹಿಂದಿದ್ದ ನಾವೆಲ್ಲರೂ, ನಲವತ್ತು ವರ್ಷದ ಹುಷಾರನ್ನು ಗಾಳಿಗೆ ತೂರಿ, ಮಾಡಿನ ಗುಬ್ಬಿಗಳು ಹಾರಿಹೋಗುವ ಹಾಗೆ ಆಮೆನ್ ಅಂದಿದ್ದೆವು. ಎಲ್ಲರಿಗಿಂತ ಮೊದಲು ನಾನು. ಫಾದರ್ ಕೂಡ.

ಹೊರಗೆ ಬಂದ ಮೇಲೆ ತಿಳಿಯಿತು. ಎಂದಿನಂತೆ ನನ್ನ ಕೈ ಜೇಬಿಗೆ ಹೋಯಿತು, ಫೋನಿನ ಹತ್ತಿರ ಸುಳಿದು, ಕರವಸ್ತ್ರ ಹಿಡಿದುಕೊಂಡು ವಾಪಸು ಬಂತು. ಇನ್ನೊಮ್ಮೆ ಕಳಿಸಿದೆ, ಈ ಸಲ ಬಸ್ಸಿನ ಹಳೆಯ ಟಿಕೇಟು ತಂದಿತು. ಅಂಗಳದ ತುಂಬ ದೊಡ್ಡವರು ತಮ್ಮ ತಮ್ಮ ಜೇಬಿನೊಡನೆ ಜಗಳಾಡುತ್ತಿದ್ದರು. ಡೊಮಿನಿಕ್‌ನ ತಾಯಿಯ ಫೋನ್ ಚೀಲದೊಳಗೆ ರಿಂಗಾಗುತ್ತಲೇ ಇತ್ತು, ಆಕೆ ಚೀಲವನ್ನು ಬಿಟ್ಟ ಕಣ್ಣಿನಿಂದ ನೋಡುತ್ತಾ ನಿಂತಿದ್ದಳು. ಮಕ್ಕಳು ಮೆಟ್ಟಿಲ ಮೇಲೆ ಕೂತು ಆರಾಮಾಗಿ ತಮ್ಮ ತಮ್ಮ ಫೋನ್ ತೆಗೆದರು. ದೊಡ್ಡವರಲ್ಲಿ ಆ ದಿನವೂ ತಪ್ಪದೆ ಕೆಮ್ಮಿದವಳು ಜ್ಞಾನಮ್ಮ ಒಬ್ಬಳೇ. ಅವಳ ಹತ್ತಿರ ಫೋನೇ ಇಲ್ಲ, ಒತ್ತಲೂ ಬರುವುದಿಲ್ಲ.

"ಇನ್ನೊಂದು ಆಮೆನ್ ಹೇಳಿ ಇದನ್ನು ಬಿಡಿಸಿಕೊಳ್ಳಲಾಗುವುದಿಲ್ಲವೇ?" ಎಂದು ಫಾದರ್ ಮೆಲ್ಲಗೆ ಕೇಳಿದರು. ಆಗುವುದಿಲ್ಲ ಫಾದರ್, ನಮ್ಮ ಅಜ್ಜಂದಿರು ಎಲ್ಲವನ್ನೂ ಪ್ರಯತ್ನಿಸಿ ನೋಡಿದ್ದಾರೆ ಅಂದೆ.

ಹೀಗೆ ನಮ್ಮ ಊರಿನ ಮಕ್ಕಳು ದೊಡ್ಡವರ ಕೈಗಳಾದರು. ಮೊದಲ ವಾರ ಅವರ ಠೀವಿ ನೋಡಬೇಕಿತ್ತು. ಅಪ್ಪಂದಿರು ಮಗನ ಮುಂದೆ ನಿಂತು, ಸ್ವಲ್ಪ ಆ ಮೆಸೇಜ್ ಏನು ನೋಡಪ್ಪ ಎಂದು ಬೇಡಿಕೊಳ್ಳುತ್ತಿದ್ದರು. ಫಾದರ್ ಪ್ರತಿ ಬೆಳಿಗ್ಗೆ ಊರಿನವರಿಗೆಲ್ಲ ಕಳಿಸುತ್ತಿದ್ದ ಬೈಬಲ್ ವಾಕ್ಯವನ್ನು ಈಗ ಡೊಮಿನಿಕ್ ಕಳಿಸುತ್ತಿದ್ದ, ಜೊತೆಗೆ ತನ್ನ ಅಪ್ಪನ ಬೇಕರಿಯ ಹೊಸ ಪಫ್ಸಿನ ಚಿತ್ರವನ್ನೂ ಸೇರಿಸಿ. ಎರಡನೆಯ ವಾರ ಠೀವಿ ಇಳಿಯಿತು. ಒಂದೊಂದು ಮಗುವಿನ ಹತ್ತಿರ ನಾಲ್ಕು ಫೋನ್, ಐದು ಫೋನ್. ತಾಯಿ ತನ್ನ ಅಕ್ಕನ ಮೇಲಿನ ದೂರನ್ನು ಹೇಳುತ್ತಾ ಹೋಗುವುದು, ಮಗ ಅದನ್ನು ಒತ್ತುತ್ತಾ ಹೋಗುವುದು. ಅಕ್ಕನ ಮಗಳು ಆ ಕಡೆಯಿಂದ ತನ್ನ ತಾಯಿಯ ಉತ್ತರ ಒತ್ತಿ ಕಳಿಸುವುದು. ಯಾವ ಮದುವೆಯಲ್ಲಿ ಯಾರಿಗೆ ಎಂಥ ಸೀರೆ ಕೊಟ್ಟರೆಂಬ ವಿಷಯದ ಮೇಲೆ ಡೊಮಿನಿಕ್ ಒಂದೇ ದಿನದಲ್ಲಿ ಮುನ್ನೂರ ನಲವತ್ತು ಮೆಸೇಜ್ ಓದಿ ಹೇಳಿದನಂತೆ. "ದೊಡ್ಡೋರು ಇಷ್ಟೊಂದು ಫೋನ್ ನೋಡ್ತಾರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಉಪದೇಶಿ," ಅಂದ. ಅವನ ಕಣ್ಣ ಕೆಳಗೆ ಕಪ್ಪಾಗಿತ್ತು.

ಮೂರನೆಯ ವಾರದ ಒಂದು ಮಧ್ಯಾಹ್ನ ನಾನು ಚರ್ಚಿನ ಬೆಂಚು ಒರೆಸುತ್ತಿದ್ದೆ. ಡೊಮಿನಿಕ್ ಒಳಗೆ ಬಂದು, ಏಳು ಫೋನುಗಳ ಬಟ್ಟೆಯ ಚೀಲವನ್ನು ಬಾಗಿಲ ಹೊರಗೆ ಮೊಳೆಗೆ ತೂಗುಹಾಕಿ, ಮೂರನೆಯ ಬೆಂಚಿನಲ್ಲಿ ಕೂತ. "ಚರ್ಚೊಳಗೆ ಫೋನ್ ತರಂಗಿಲ್ಲ, ಅಲ್ವಾ?" ಎಂದು ಕೇಳಿದ. ತರುವಂತಿಲ್ಲ ಅಂದೆ, ದೊಡ್ಡವರು ಯಾವತ್ತೂ ಪಾಲಿಸದಿದ್ದ ನಿಯಮವಾದರೂ. "ಹಂಗಾದ್ರೆ ಸ್ವಲ್ಪ ಹೊತ್ತು ಇರ್ತೀನಿ," ಅಂದ. ಅವನು ಒಂದು ಗಂಟೆ ಪೀಠದ ಕಡೆ ನೋಡುತ್ತಾ ಕೂತಿದ್ದ. ಮಾರನೆಯ ದಿನ ಆರು ಜನ ಬಂದರು, ಆ ಭಾನುವಾರದ ಹೊತ್ತಿಗೆ ಮೊಳೆಗಳು ಸಾಲದೆ ಬಾಗಿಲ ಪಕ್ಕ ಒಂದು ಹಗ್ಗ ಕಟ್ಟಿದೆ. ಶುಕ್ರವಾರದ ಶಿಲುಬೆ ಹಾದಿಯ ಹದಿನಾಲ್ಕು ಸ್ಥಳಗಳ ಪ್ರಾರ್ಥನೆಯನ್ನು ಆದಷ್ಟು ನಿಧಾನವಾಗಿ ಮಾಡಿ ಫಾದರ್ ಎಂದು ಮಕ್ಕಳೇ ಕೇಳಿಕೊಂಡರು. ಮೊದಮೊದಲು ಅವರು ಬಂದದ್ದು ತಪ್ಪಿಸಿಕೊಳ್ಳಲು ಅನ್ನುವುದು ನಿಜ. ಆದರೆ ತಪ್ಪಿಸಿಕೊಳ್ಳಲು ಬಂದವರು ಸುಮ್ಮನೆ ಕೂತು ಕೂತು, ಕೆಲವರು ಮೊಣಕಾಲೂರಿದ್ದನ್ನು, ಒಬ್ಬಿಬ್ಬರು ಅತ್ತಿದ್ದನ್ನು ನಾನು ಕಂಡಿದ್ದೇನೆ. ಫಾದರ್ ಮಾತ್ರ ಇದು ತಮ್ಮ ಯೋಜನೆಯಂತೆಯೇ ನಡೆಯುತ್ತಿದೆ ಎಂದು ಬಿಷಪ್ಪರಿಗೆ ಪೆನ್ನಿನಲ್ಲಿ ಕಾಗದ ಬರೆಯಲು ಶುರುಮಾಡಿದರು.

ನನ್ನ ಮನೆಯಲ್ಲಿ ನನ್ನ ಫೋನು ಬೆನಿಟಾಳ ಕೈಗೆ ಹೋಗಿತ್ತು. ಒಂದು ದಿನ, ರೆಜಿನಾಳಿಗೆ ಏನಾದರೂ ಕಳಿಸಬೇಕೆಂದು, ದಿನಾ ಕಳಿಸುವ ಹಾಗೆ ಒಂದು ಹೂವಿನ ಚಿತ್ರ ಕಳಿಸಿಬಿಡಮ್ಮ ಅಂದೆ. ಬೆನಿಟಾ ಫೋನ್ ತೆಗೆದು ಮೇಲಕ್ಕೆ ಸರಿಸುತ್ತಾ ಹೋದಳು. ಸರಿಸುತ್ತಲೇ ಇದ್ದಳು.

"ಅಪ್ಪ, ಆರು ತಿಂಗಳಿಂದ ನೀವು ಅಮ್ಮಂಗೆ ಗುಲಾಬಿ ಹೂ ಬಿಟ್ಟು ಬೇರೇನೂ ಕಳಿಸಿಲ್ಲ."

"ವಾಕ್ಯಾನೂ ಇರುತ್ತಲ್ಲ ಅದ್ರಲ್ಲಿ."

"ಅಮ್ಮ ಕೇಳಿದ್ದಕ್ಕೂ ಗುಲಾಬಿನೇ ಕಳಿಸಿದ್ದೀರಿ."

"ಏನು ಕೇಳಿದ್ದಾಳೆ?"

ಅವಳು ಫೋನನ್ನು ನನ್ನ ಮುಖದ ಮುಂದೆ ಹಿಡಿದಳು. ಒಂದೂವರೆ ತಿಂಗಳ ಹಿಂದಿನದು. ಕಾಂಟ್ರ್ಯಾಕ್ಟ್ ಮುಗೀತಾ ಬಂತು, ಇನ್ನೆರಡು ವರ್ಷಕ್ಕೆ ಸಹಿ ಹಾಕ್ಲೋ, ಬಂದ್ಬಿಡ್ಲೋ, ನೀವೇನಂತೀರಿ? ಅದರ ಕೆಳಗೆ ನನ್ನ ಉತ್ತರ, ಇಬ್ಬನಿ ಬಿದ್ದ ಗುಲಾಬಿ, ಈ ದಿನ ನಿಮಗೆ ಶುಭವಾಗಲಿ. ಹತ್ತು ದಿನ ಬಿಟ್ಟು ಅವಳು ಮತ್ತೆ ಕೇಳಿದ್ದಳು, ಈ ಕಡೆಯಿಂದ ಜೋಡಿಸಿದ ಎರಡು ಕೈಗಳ ಚಿತ್ರ ಹೋಗಿತ್ತು. ಸಹಿಗೆ ಕೊನೆಯ ದಿನವನ್ನೂ ಬರೆದಿದ್ದಳು, ತಪಸ್ಸುಕಾಲದ ಐದನೆಯ ಭಾನುವಾರ. ದಿನಕ್ಕೆ ನಾಲ್ಕು ಗಂಟೆ ನೋಡುತ್ತಿದ್ದ ಫೋನಿನಲ್ಲಿ ನನ್ನ ಹೆಂಡತಿಯ ಪ್ರಶ್ನೆ ನನಗೆ ಕಂಡಿರಲಿಲ್ಲ. ಊರಿನ ಮಕ್ಕಳ ಚಟ ಬಿಡಿಸಲು ಪ್ರತಿಜ್ಞೆ ಬರೆದ ಮಹಾನುಭಾವ ನಾನು.

"ನಿಂಗೆ ಗೊತ್ತಿತ್ತಾ ಇದು?" ಎಂದು ಕೇಳಿದೆ.

"ಸಹಿ ವಿಷ್ಯ ಗೊತ್ತಿತ್ತು. ಅಮ್ಮ ಹೇಳಿದ್ರು. ಸಂಜೆ ಹೊತ್ತು ಅಮ್ಮ ಡ್ಯೂಟಿ ಮುಗಿಸಿ ಬಂದು ಫೋನ್‌ನ ಒಲೆ ಪಕ್ಕ ಇಟ್ಕೊಂಡು ಅಡುಗೆ ಮಾಡ್ತಾರೆ. ನಾನು ಹಿತ್ತಿಲಲ್ಲಿ ಕೂತು ಹೋಮ್‌ವರ್ಕ್ ಮಾಡ್ತೀನಿ. ಜಾಸ್ತಿ ಮಾತಾಡಲ್ಲ. ಸುಮ್ನೆ ಇರ್ತೀವಿ." ಆಮೇಲೆ ಪ್ರಾಮಾಣಿಕವಾಗಿ ಸೇರಿಸಿದಳು, "ಅದೊಂದು ಗಂಟೆ. ಮಿಕ್ಕಿದ್ದು ಡ್ಯಾನ್ಸ್ ವಿಡಿಯೋ. ಅದು ಚಟನೇ ಅಪ್ಪ, ಇಲ್ಲ ಅನ್ನಲ್ಲ."

"ಬಂದ್ಬಿಡಮ್ಮ ಅಂತ ನೀನೇ ಹೇಳ್ಬಹುದಿತ್ತಲ್ಲ?"

"ನಾನು ಅಂದ್ರೆ ಬಂದೇ ಬರ್ತಾರೆ. ಮಗಳಿಗೋಸ್ಕರ ಬಂದ್ರು ಅಂತಾಗುತ್ತೆ. ಅವ್ರು ಕೇಳಿರೋದು ನಿಮ್ಮನ್ನ."

ಹೇಳುವುದು ಒಂದೇ ಅಕ್ಷರ, ಬಾ. ಅದನ್ನು ಹೇಳಲು ನನಗೆ ಎರಡು ವಾರ ಸಾಲಲಿಲ್ಲ. ಫೋನು ಕೈಯಲ್ಲಿ ಇದ್ದಿದ್ದರೆ ಯಾವುದಾದರೂ ಚಿತ್ರ ಹುಡುಕಿ ಕಳಿಸುತ್ತಿದ್ದೆ. ಈಗ ಹದಿನಾರರ ಮಗಳ ಮುಂದೆ ಕೂತು ಬಾಯಿ ಬಿಟ್ಟು ಹೇಳಬೇಕು, ಅವಳು ಒತ್ತಬೇಕು. ನಾಚಿಕೆ ಎಂದುಕೊಂಡೆ. ನಾಚಿಕೆಯಲ್ಲ, ಹೆದರಿಕೆ. ಬಾ ಅಂದು ಅವಳು ಬರುವುದಿಲ್ಲ ಅಂದರೆ? ಆರು ವರ್ಷದಲ್ಲಿ ಅವಳಿಗೆ ತನ್ನದೇ ಕೋಣೆ, ತನ್ನದೇ ಒಲೆ, ತನ್ನದೇ ಹೊತ್ತು ಆಗಿದೆ. ಗುಲಾಬಿ ಕಳಿಸುವ ಗಂಡ ಅವಳಿಗೆ ಯಾಕೆ ಬೇಕು ಎಂಬ ಯೋಚನೆ ಬಂದಾಗಲೆಲ್ಲ ನಾನು ಎದ್ದು ಚರ್ಚಿನ ಬೆಂಚು ಒರೆಸಲು ಹೋಗುತ್ತಿದ್ದೆ. ಆ ಎರಡು ವಾರ ಬೆಂಚುಗಳು ಫಳಫಳ ಹೊಳೆದವು.

ಐದನೆಯ ಭಾನುವಾರಕ್ಕೆ ಮುಂಚಿನ ಗುರುವಾರ ಸಂಜೆ ಬೆನಿಟಾ ನನ್ನೆದುರು ಬಂದು ಕೂತಳು. "ನಾಳೆ ಶಿಲುಬೆ ಹಾದಿ ಆದ್ಮೇಲೆ ನಾವೆಲ್ಲ ಫಾದರ್‌ಗೆ ಹೇಳಿ ಅದೇ ಪ್ರತಿಜ್ಞೆ ಮತ್ತೆ ಓದಿಸ್ತೀವಿ. ಈ ಸಲ ಕೆಮ್ಮಲ್ಲ. ಇನ್ನು ನಮ್ಮ ಕೈಲಾಗಲ್ಲ ಅಪ್ಪ. ಡೊಮಿನಿಕ್ ನಿನ್ನೆ ಕನಸಲ್ಲೂ ಯಾರದೋ ಮೆಸೇಜ್ ಓದ್ತಿದ್ನಂತೆ. ಅದಕ್ಕೆ ಮುಂಚೆ ಅಮ್ಮಂಗೆ ಏನು ಹೇಳ್ಬೇಕೋ ಹೇಳ್ಬಿಡಿ. ಆಮೇಲೆ ಊರಲ್ಲಿ ಫೋನ್ ಮುಟ್ಟೋರು ಯಾರೂ ಇರಲ್ಲ."

 "ನಿನ್ನಿಷ್ಟ ಅಂತ ಹಾಕು," ಅಂದೆ, ನೆಲ ನೋಡುತ್ತಾ.

"ಅಷ್ಟೇನಾ?"

"ಅಷ್ಟೇ."

"ಇನ್ನೊಂದ್ಸಲ ಯೋಚ್ನೆ ಮಾಡಿ."

"ಹಾಕಮ್ಮ. ಅವಳಿಷ್ಟ ಮುಖ್ಯ ಅಲ್ವಾ?" ಅಂದೆ, ದೊಡ್ಡ ಮನಸ್ಸಿನವನ ಹಾಗೆ. ಅವಳು ಒಂದೊಂದೇ ಅಕ್ಷರವಾಗಿ ಒತ್ತಿ ಕಳಿಸಿದಳು. ಭಾನುವಾರಕ್ಕೆ ಇನ್ನೂ ಮೂರು ದಿನ ಇದೆಯಲ್ಲ ಎಂದು ನಾನು ನನಗೇ ಹೇಳಿಕೊಂಡೆ, ಮಾರನೆಯ ದಿನದ ನಂತರ ನನಗೆ ಕೈಗಳೇ ಇರುವುದಿಲ್ಲ ಎಂದು ಗೊತ್ತಿದ್ದೂ.

ಶುಕ್ರವಾರ ಮಧ್ಯಾಹ್ನ ಹದಿನಾಲ್ಕನೆಯ ಸ್ಥಳ ಮುಗಿದದ್ದೇ ಡೊಮಿನಿಕ್ ಮುಂದೆ ಬಂದು ಫಾದರ್ ಕೈಗೆ ಪ್ರತಿಜ್ಞೆಯ ಹಾಳೆ ಕೊಟ್ಟ. ಫಾದರ್ ಕಣ್ಣಲ್ಲಿ ನೀರು ಬಂತು, ಈ ಸಲ ನಿಜವಾದದ್ದು. ಯಾರ ಒತ್ತಾಯವೂ ಇಲ್ಲದೆ ಮಕ್ಕಳೇ ಸಾಲಾಗಿ ನಿಂತರು. ಹಿಂದೆ ದೊಡ್ಡವರೆಲ್ಲ ಬೆಂಚಿನ ತುದಿಗೆ ಸರಿದಿದ್ದೆವು. ನಮ್ಮ ಕಟ್ಟಕಡೆಯ ಕೈಗಳು ಕಣ್ಣೆದುರೇ ಹೋಗುತ್ತಿದ್ದವು, ತಡೆಯೋಣವೆಂದರೆ ಯಾವ ಬಾಯಲ್ಲಿ ತಡೆಯುವುದು? ಬೆನಿಟಾ ಒಮ್ಮೆ ಹಿಂದಿರುಗಿ ನನ್ನನ್ನು ನೋಡಿದಳು. ಫಾದರ್ ಓದಿ ಮುಗಿಸಿದರು. ಆಮೆನ್ ಎಂದು ಮಕ್ಕಳು ಗಟ್ಟಿಯಾಗಿ, ಸ್ಪಷ್ಟವಾಗಿ ಹೇಳಿದರು. ಇಪ್ಪತ್ತೆರಡು ದನಿಗಳ ನಡುವೆ ಒಂದೇ ಒಂದು ಕೆಮ್ಮು ಕೇಳಿಸಿತು. ಅದು ನನ್ನ ಮಗಳದು.

"ಮೋಸ ಮಾಡ್ದೆ ಕಣೇ ಬೆನಿಟಾ," ಎಂದು ಡೊಮಿನಿಕ್ ಅಂಗಳದಲ್ಲಿ ಅವಳಿಗೆ ಎದುರಾದ.  ಊರಿನಲ್ಲಿ ಉಳಿದ ಒಂದೇ ಜೊತೆ ಕೈ ಅವಳದೆಂದು ತಿಳಿದದ್ದೇ ದೊಡ್ಡವರೆಲ್ಲ ಅವಳ ಸುತ್ತ ಮುಗಿಬಿದ್ದರು. ನಮ್ಮದೊಂದು ನೋಡಮ್ಮ, ಬರೀ ಒಂದು ನಿಮಿಷ ಮಗಳೇ. ಫಾದರ್ ಕೂಡ ಸಂಕೋಚದಿಂದ ಹಿಂದೆ ನಿಂತಿದ್ದರು. ಬೆನಿಟಾ, "ಒಂದೇ ಕಾಲ್ ಮಾಡ್ತೀನಿ. ಬೇರೆ ಯಾರ ಫೋನೂ ಮುಟ್ಟಲ್ಲ," ಅಂದು, ಹಗ್ಗದಲ್ಲಿದ್ದ ತನ್ನ ಚೀಲದಿಂದ ಫೋನ್ ತೆಗೆದು, ನಡೆದು ಬಂದು ನನ್ನ ಮುಖದ ಮುಂದೆ ಹಿಡಿದಳು. ಅಷ್ಟು ಜನಕ್ಕೂ ನೋಡಲು ಬೇರೇನೂ ಇರಲಿಲ್ಲವಾದ್ದರಿಂದ ಎಲ್ಲರೂ ನನ್ನನ್ನೇ ನೋಡುತ್ತಾ ನಿಂತರು.

ರೆಜಿನಾ ಸಮವಸ್ತ್ರದಲ್ಲಿದ್ದಳು, ಹಿಂದೆ ಆಸ್ಪತ್ರೆಯ ಗೋಡೆ. "ಏನಾಯ್ತು ಮಗಾ? ಡ್ಯೂಟಿಲಿದ್ದೀನಿ, ಈ ಹೊತ್ನಲ್ಲಿ ಯಾಕೆ ಮಾಡ್ದೆ?"

"ಅಪ್ಪ ಮಾತಾಡ್ತಾರೆ."

ನಾನು ಗಂಟಲು ಸರಿಮಾಡಿಕೊಂಡೆ. "ಊಟ ಆಯ್ತಾ?" ಅಂದೆ. ಹಿಂದಿನಿಂದ ಯಾರೋ ಕಿಸಕ್ಕೆಂದರು.

"ಆಯ್ತು," ಅಂದಳು. "ಅಷ್ಟೇನಾ?"

ಫೋನ್ ಹಿಡಿದಿದ್ದ ಬೆನಿಟಾಳ ತೋಳು ನೋಯತೊಡಗಿದ್ದು ಕಾಣುತ್ತಿತ್ತು, ಆದರೂ ಇಳಿಸಲಿಲ್ಲ. ಗೆಳೆಯರೆಲ್ಲರ ಎದುರು ಕೆಟ್ಟವಳಾಗಿ ನಿಂತಿದ್ದಳು, ನನ್ನ ಒಂದಕ್ಷರಕ್ಕೋಸ್ಕರ.

"ರೆಜಿನಾ, ಸಹಿ ಹಾಕ್ಬೇಡ," ಅಂದೆ. "ಬಂದ್ಬಿಡು. ಮಗಳಿಗೋಸ್ಕರ ಅಲ್ಲ, ನಂಗೋಸ್ಕರ. ನೀನಿಲ್ದೆ ನಂಗೆ ಆಗ್ತಿಲ್ಲ. ಮನೆಗೆ ಹೋಗೋಕೇ ಬೇಜಾರು. ಅದಕ್ಕೇ ಫೋನ್ ನೋಡ್ಕೊಂಡು ಕೂತಿರ್ತಿದ್ದೆ. ನೀನು ಕೇಳಿದ್ದು ಕಾಣ್ಲಿಲ್ಲ. ಕಂಡ್ಮೇಲೂ ಹೇಳ್ಲಿಲ್ಲ. ಬಾ."

  ಅವಳು ನಕ್ಕಳು, ಕಣ್ಣಲ್ಲಿ ನೀರು ತುಂಬಿತ್ತು.

"ಇದನ್ನ ಹೇಳೋಕೆ ನಿಮ್ಮ ಕೈಯಿಂದ ಫೋನ್ ಕಿತ್ಕೋಬೇಕಾಯ್ತಾ?" ಅಂದಳು. ಸೆರಗಿಲ್ಲದ್ದರಿಂದ ತೋಳಿನಲ್ಲಿ ಕಣ್ಣೊರೆಸಿಕೊಂಡಳು. "ಬೆಳಿಗ್ಗೆ ಹಾಕ್ಬಿಟ್ಟೆ ರೀ. ಭಾನುವಾರದವರೆಗೆ ಕಾಯೋಣ ಅಂತಿದ್ದೆ. ನಿನ್ನೆ ನಿನ್ನಿಷ್ಟ ಅಂತ ಬಂತಲ್ಲ, ಅದನ್ನ ಓದ್ಕೊಂಡೇ ಹೋಗಿ ಸಹಿ ಹಾಕ್ದೆ. ಎರಡು ವರ್ಷ."

ಯಾರೋ ಅವಳನ್ನು ಕರೆದರು, ಹೋದಳು. ಬೆನಿಟಾ ನಿಧಾನವಾಗಿ ಕೈ ಇಳಿಸಿದಳು. ಅಂಗಳದಲ್ಲಿ ಯಾರೂ ಕೆಮ್ಮಲಿಲ್ಲ. ಒಬ್ಬೊಬ್ಬರೇ ನನ್ನ ಮುಖ ನೋಡದೆ ಹೊರಟುಹೋದರು. ಜ್ಞಾನಮ್ಮ ಮಾತ್ರ ಹತ್ತಿರ ಬಂದು ನನ್ನ ಭುಜ ಹಿಡಿದಳು. "ಯೋಳ್ದಲ್ಲ, ಬುಡು ಚೌರಪ್ಪ. ನಮ್ಮೆಜಮಾನ್ರು ಒಂದ್ ಮಾತೂ ಯೋಳ್ದೇನೇ ಒಂಟೋದ್ರು," ಅಂದಳು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು, ಮಗಳ ಎದುರೇ ಅತ್ತೆ.

ಫಾದರ್ ಕಾಗದ ಪಾಸ್ಕಕ್ಕೆ ಒಂದು ವಾರ ಮುಂಚಿನ ಗರಿಗಳ ಭಾನುವಾರಕ್ಕೆ ಮೊದಲೇ ಬಿಷಪ್ಪರಿಗೆ ಹೋಯಿತು. ಅದರ ನಕಲನ್ನು ನನಗೂ ತೋರಿಸಿದರು. ವಿಶ್ವಾಸದ ಬಲದಿಂದ ಇಪ್ಪತ್ತಮೂರರಲ್ಲಿ ಇಪ್ಪತ್ತೆರಡು ಮಕ್ಕಳು ಫೋನಿನ ಚಟದಿಂದ ಬಿಡುಗಡೆಯಾಗಿದ್ದಾರೆ, ಒಬ್ಬಳು ಮಾತ್ರ ಒಪ್ಪಲಿಲ್ಲ, ದುರದೃಷ್ಟವಶಾತ್ ಅವಳು ನಮ್ಮ ಉಪದೇಶಿಗಳ ಮಗಳೇ ಎಂದಿತ್ತು. ಅಕ್ಷರ ಬಹಳ ಚೆನ್ನಾಗಿದೆ ಫಾದರ್ ಅಂದೆ. ಪಾಸ್ಕದ ಗಂಟೆ ಬಾರಿಸಿದ್ದೇ ದೊಡ್ಡವರ ಕೈಗಳೆಲ್ಲ ಒಟ್ಟಿಗೆ ಜೇಬಿಗೆ ಹೋದವು, ಪುನರುತ್ಥಾನದ ಹಾಡನ್ನು ಆ ದಿನ ಗಾಯನ ತಂಡದವರೂ ಪೂರ್ತಿ ಹಾಡಲಿಲ್ಲ. ಮುಂದಿನ ಶನಿವಾರ ಯುವಕೂಟದಲ್ಲಿ, ಪ್ರತಿಜ್ಞೆ ಮಾಡಿದ ಇಪ್ಪತ್ತೆರಡರಲ್ಲಿ ಹದಿನೈದು ತಲೆಗಳು ಮತ್ತೆ ಬಗ್ಗಿದವು. ಏಳು ಬಗ್ಗಲಿಲ್ಲ, ಅದರಲ್ಲಿ ಡೊಮಿನಿಕ್ ಒಬ್ಬ. ಏಳು ಅನ್ನುವುದನ್ನು ನಾನು ದೊಡ್ಡದೆಂದೇ ತಿಳಿದಿದ್ದೇನೆ.

ಬೆನಿಟಾಳ ಡ್ಯಾನ್ಸ್ ವಿಡಿಯೋಗಳು ಆ ಹೊತ್ತಿಗಾಗಲೇ ಹೋಗಿದ್ದವು. ಪ್ರತಿಜ್ಞೆ ಮಾಡದೆ ಹೇಗೆ ಬಿಟ್ಟೆ ಎಂದು ಕೇಳಿದೆ. "ನಿಮ್ಮೆಲ್ರ ಫೋನ್ ನೋಡಿ ನೋಡಿ ವಾಕರಿಕೆ ಬಂತು," ಅಂದಳು. ಆಮೇಲೆ, "ಮತ್ತೆ, ಚರ್ಚಲ್ಲಿ ಕೂತಾಗ ದೇವ್ರನ್ನ ಕೇಳ್ಕೊಂಡೆ. ಆಮೆನ್ ಹೇಳಿ ಕೈ ಕಟ್ಟಿಸ್ಕೊಂಡ್ರೆ ಅದು ನಾನು ಬಿಟ್ಟಂಗಲ್ಲ ಅನ್ನಿಸ್ತು. ದಿನಾ ಬೆಳಿಗ್ಗೆ, ಇವತ್ತೊಂದಿನ ಬಿಡ್ಸಪ್ಪ ಅಂತ ಕೇಳ್ಕೋತೀನಿ. ಕೆಲವು ದಿನ ಆಗಲ್ಲ. ಮತ್ತೆ ಮಾರ್ನೆ ದಿನ ಕೇಳ್ಕೋತೀನಿ," ಅಂದಳು. ಇಪ್ಪತ್ತೆರಡು ವರ್ಷ ಉಪದೇಶಿಯಾಗಿ ಇಷ್ಟು ಸರಳವಾಗಿ ನಾನು ಯಾರಿಗೂ ಕಲಿಸಿರಲಿಲ್ಲ.

ಈಗ ಸಂಜೆ ಹೊತ್ತು ನಾವಿಬ್ಬರೂ ಅಡುಗೆಮನೆಯಲ್ಲಿ ಕೂರುತ್ತೇವೆ. ಬೆನಿಟಾ ಫೋನನ್ನು ಉಪ್ಪಿನ ಡಬ್ಬಕ್ಕೆ ಒರಗಿಸಿ ಇಟ್ಟು ತನ್ನ ಪುಸ್ತಕ ತೆರೆಯುತ್ತಾಳೆ, ನಾನು ಬೆಳ್ಳುಳ್ಳಿ ಬಿಡಿಸುತ್ತೇನೆ. ಆ ಕಡೆ ರೆಜಿನಾ ಅಡುಗೆ ಮಾಡುತ್ತಾಳೆ. ಮೊನ್ನೆ ಏನೋ ಕೇಳಲು ಬಂದ ಫಾದರ್ ಬಾಗಿಲಲ್ಲಿ ನಿಂತು, ಒಂದು ಗಂಟೆಯಿಂದ ಫೋನಿನ ಮುಂದೆ ಕೂತಿದ್ದ ನಮ್ಮನ್ನು ನೋಡಿ, "ಏನು ಉಪದೇಶಿಗಳೇ, ನೀವೂ ಚಟಕ್ಕೆ ಬಿದ್ದುಬಿಟ್ಟಿರಾ?" ಎಂದು ನೊಂದುಕೊಂಡರು. ಹೌದು ಫಾದರ್ ಅಂದೆ. ಅವರು ತಲೆಯಾಡಿಸುತ್ತಾ ಹೋದರು. ಎರಡು ವರ್ಷದಲ್ಲಿ ಒಂದು ತಿಂಗಳು ಹದಿನೆಂಟು ದಿನ ಕಳೆದಿದೆ. ರೆಜಿನಾ ನಮಗೆ ಬೆನ್ನು ಮಾಡಿ ಒಗ್ಗರಣೆ ಹಾಕುತ್ತಿದ್ದಳು, ಆ ಚಿಟಪಟ ಸದ್ದಿನ ಮಧ್ಯೆ ತಿರುಗದೆಯೇ, "ಇದ್ದೀರಾ?" ಎಂದು ಕೇಳಿದಳು.

"ಇದ್ದೀನಿ," ಅಂದೆ.